ಸಿಂಗಾಪುರದ ಚೀನೀಯರ ಭಾಷಾಪಲ್ಲಟ
ಸಿಂಗಾಪುರದ ಚೀನೀಯರ ಭಾಷಾಪಲ್ಲಟವೆಂದರೆ ಅಲ್ಲಿನ ಚೀನೀ ವಲಸಿಗರ ಕುಟುಂಬಗಳು ತಮ್ಮ ಮೂಲ ಮನೆಮಾತುಗಳಿಂದ ಮ್ಯಾಂಡರಿನ್ ಹಾಗೂ ಇಂಗ್ಲಿಷ್ ಭಾಷೆಗಳಿಗೆ ಹೊರಳಿದ ಪ್ರಕ್ರಿಯೆ.

19ನೆಯ ಶತಮಾನದಿಂದ ದಕ್ಷಿಣ ಚೀನಾದ ಫುಜಿಯಾನ್ ಮತ್ತು ಗುವಾಂಗ್‌ಡಾಂಗ್ ಪ್ರಾಂತ್ಯಗಳಿಂದ ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಹೊಕ್ಕಿಯೆನ್, ತಿಯೊಚ್ಯೂ, ಕ್ಯಾಂಟನೀಸ್, ಹಕ್ಕಾ ಮೊದಲಾದ ನುಡಿಗಳನ್ನು ಆಡುತ್ತಿದ್ದರು. ಇವನ್ನು ಉಪಭಾಷೆಗಳೆಂದು ಕರೆಯಲಾಗುತ್ತದೆಯಾದರೂ ಇವುಗಳಲ್ಲಿ ಹಲವು ಮಾತಿನಲ್ಲಿ ಪರಸ್ಪರ ಅರ್ಥವಾಗುವುದಿಲ್ಲ.

1979ರಲ್ಲಿ ಪ್ರಧಾನಿ ಲೀ ಕುವಾನ್ ಯೂ ಅವರು ‘ಮ್ಯಾಂಡರಿನ್ ಮಾತನಾಡಿ’ ಅಭಿಯಾನಕ್ಕೆ ಚಾಲನೆ ನೀಡಿದರು. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮ್ಯಾಂಡರಿನ್ ಕಲಿಯುವ ಮಕ್ಕಳಿಗೆ ಮನೆಯ ಉಪಭಾಷೆ ಹೊರೆಯಾಗುತ್ತದೆ ಎಂಬುದು ಸರ್ಕಾರದ ವಾದವಾಗಿತ್ತು. ಮುಂದೆ ರೇಡಿಯೋ, ದೂರದರ್ಶನಗಳಲ್ಲಿಯೂ ಉಪಭಾಷೆಗಳ ಬಳಕೆಯನ್ನು ನಿರ್ಬಂಧಿಸಲಾಯಿತು. ಪರಿಣಾಮವಾಗಿ, ಉಪಭಾಷೆಯನ್ನಷ್ಟೇ ಬಲ್ಲ ಹಿರಿಯರಿಗೂ ಅದನ್ನರಿಯದ ಮೊಮ್ಮಕ್ಕಳಿಗೂ ನಡುವೆ ಮಾತುಕತೆ ಕಷ್ಟವಾಯಿತು.

2020ರ ಜನಗಣತಿಯ ಪ್ರಕಾರ, ಮನೆಯಲ್ಲಿ ಹೆಚ್ಚಾಗಿ ಚೀನೀ ಉಪಭಾಷೆಗಳನ್ನು ಆಡುವವರು ದೇಶದ ನಿವಾಸಿಗಳಲ್ಲಿ ಶೇ. 8.7ರಷ್ಟು ಮಾತ್ರ, ಇಂಗ್ಲಿಷ್ ಆಡುವವರು ಶೇ. 48.3.