ಪಂಜರದ ಕುರುಡಿಗೆ ಚಪ್ಪಟೆ ಹುಳು: ಮೀನಿನ ಜೊತೆ ಬಲೆಯನ್ನೂ ನೋಡಿ

ಪಂಜರದಲ್ಲಿ ಸಾಕಿದ ಕುರುಡಿ, ಅಂದರೆ ಸೀಬಾಸ್, ಬಲೆಗೆ ಮೈ ಉಜ್ಜುತ್ತಿದ್ದರೆ, ಮೇವು ಬಿಟ್ಟು ಕಣ್ಣು ಮಂಜಾಗಿದ್ದರೆ ನಿಯೋಬೆನಿಡೀನಿಯ ಎಂಬ ಚಪ್ಪಟೆ ಹುಳು ಹತ್ತಿರಬಹುದು. ಉಪ್ಪುನೀರಿನಲ್ಲಿ ಅದು ಗಾಜಿನ ಹಾಗೆ, ಮೈಮೇಲಿದ್ದರೂ ಕಾಣಲ್ಲ. ಒಂದು ಮೀನನ್ನು ಐದು ನಿಮಿಷ ಸಿಹಿನೀರಿನ ಟಬ್‌ಗೆ ಬಿಟ್ಟು ನೋಡಿ, ಹುಳು ಬೆಳ್ಳಗಾಗಿ ಉದುರುತ್ತದೆ. ಕುರುಡಿ ಹೊಳೆಯಲ್ಲೂ ಬದುಕುವ ಮೀನು, ತಡೆದುಕೊಳ್ಳುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಂಡರೆ ಎರಡೇ ವಾರದಲ್ಲಿ ಮತ್ತೆ ಅದೇ ಗೋಳು. ಈ ಹುಳುವಿನಲ್ಲಿ ಗಂಡು-ಹೆಣ್ಣು ಬೇರೆ ಇಲ್ಲ, ಒಂದೇ ಉಳಿದರೂ ಮೊಟ್ಟೆ ಇಡುತ್ತದೆ. ಮೊಟ್ಟೆಗೆ ಉದ್ದನೆಯ ಎಳೆ ಇದ್ದು, ಅದು ಬಲೆಗೆ ಸಿಕ್ಕಿಕೊಳ್ಳುತ್ತದೆ. ಪಾಚಿ ಕಟ್ಟಿದ ಬಲೆಯಾದರೆ ಕೇಳುವುದೇ ಬೇಡ. ಮೀನಿಗೆ ಮಾಡಿಸಿದ ಸ್ನಾನ ಆ ಮೊಟ್ಟೆಗೆ ತಟ್ಟುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಸುಮಾರು 5 ದಿನಕ್ಕೆ ಮರಿ ಹೊರಬಂದು ಅದೇ ಪಂಜರದ ಮೀನನ್ನು ಹಿಡಿಯುತ್ತದೆ. ಇನ್ನೊಂದು ವಾರ, ಹತ್ತು ದಿನದಲ್ಲಿ ಅದೂ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ.

ಹಾಗಾಗಿ ಸ್ನಾನ ಮಾಡಿಸಿದ ಮೀನನ್ನು ಬೇರೆ ಬಲೆಗೇ ಬಿಡಿ. ಹಳೆಯದನ್ನು ದಡಕ್ಕೆ ತಂದು ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ. ಸುಮಾರು ಒಂದು ವಾರ ಬಿಟ್ಟು, ಮರಿಗಳು ಬಲಿಯುವ ಮೊದಲೇ, ಇನ್ನೊಂದು ಸ್ನಾನ ಆಗಬೇಕು. ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆಯಾದಾಗ ಕಾಟ ತಗ್ಗುತ್ತದೆ, ಎಚ್ಚರ ಬೇಕಿರುವುದು ಬೇಸಿಗೆಯಲ್ಲಿ.

ಮೀನು ಮಾರುವವರಿಗೆ ಒಂದು ಮಾತು: ಗಿರಾಕಿ ಕೇಳಿದರೆ ಹೇಳಿ, ಈ ಹುಳು ಮನುಷ್ಯರಿಗೆ ಹತ್ತುವುದಿಲ್ಲ.