ಮೈಸೂರಿನ ಬಾಣವೂ ಮಕ್ಕಳ ಸೀಸೆಯೂ

ಕಳೆದ ವರ್ಷ ರಾಜ್ಯೋತ್ಸವಕ್ಕೆ ಒಂದು ತಿಂಗಳು ಮುಂಚೆ ನಮ್ಮ ಸಂಘದ ಮಕ್ಕಳೆಲ್ಲ ಸೇರಿ ಒಂದು ಚಿಕ್ಕ ವಸ್ತುಪ್ರದರ್ಶನ ನಡೆಸಬೇಕೆಂದು ನಿಶ್ಚಯವಾಯಿತು. ಒಬ್ಬೊಬ್ಬರೂ ಕನ್ನಡನಾಡಿಗೆ ಸಂಬಂಧಪಟ್ಟ ಒಂದೊಂದು ವಸ್ತುವನ್ನು ಕೈಯಾರೆ ಮಾಡಿ ತರತಕ್ಕದ್ದು. ಒಬ್ಬಳು ರಟ್ಟಿನಲ್ಲಿ ಹಂಪೆಯ ರಥ ಮಾಡುತ್ತೇನೆಂದಳು. ಇನ್ನೊಬ್ಬ ಮಣ್ಣಿನ ಗೊಮ್ಮಟ ಎಂದ. ಆರನೆಯ ತರಗತಿಯ ಹುಡುಗನೊಬ್ಬ ಮಾತ್ರ, "ನಾನು ರಾಕೆಟ್ ಮಾಡುತ್ತೇನೆ" ಎಂದ. "ರಾಕೆಟ್ಟಿಗೂ ರಾಜ್ಯೋತ್ಸವಕ್ಕೂ ಏನಪ್ಪ ಸಂಬಂಧ?" ಎಂದು ಹಿರಿಯರೊಬ್ಬರು ನಕ್ಕರು. ಇಸ್ರೋ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಲ್ಲವೇ ಎಂದು ಹುಡುಗ ಮಾರುತ್ತರ ಕೊಟ್ಟ. ಉತ್ತರವೇನೋ ಸರಿಯೇ. ಆದರೆ ನಾವು ಸುಮ್ಮನಿರಲಾರದೆ, "ಅದು ಹುಟ್ಟುವುದಕ್ಕೆ ಸುಮಾರು ಇನ್ನೂರು ವರ್ಷ ಮುಂಚೆಯೇ ಮೈಸೂರು ಸೀಮೆಯಲ್ಲಿ ಕಬ್ಬಿಣದ ರಾಕೆಟ್ ಹಾರಿತ್ತು" ಎಂದುಬಿಟ್ಟೆವು. "ಹಾಗಾದರೆ ಅದನ್ನೇ ಮಾಡಿಸಿಕೊಡಿ" ಎಂದ. ಬ್ಯಾಂಕಿನ ಗುಮಾಸ್ತೆ ಬಾಯಿ ಮುಚ್ಚಿಕೊಂಡಿದ್ದರೇ ಕ್ಷೇಮವೆಂದು ಹೇಳುವುದು ಇದಕ್ಕೇ.

ದೆಹಲಿಯಲ್ಲಿ ಆ ಋತುವಿನಲ್ಲಿ ಪಟಾಕಿಯ ಹೆಸರೆತ್ತುವುದೂ ಕಷ್ಟ. ಗಾಳಿಯೇ ಅರ್ಧ ಹೊಗೆ. ಅಲ್ಲದೆ ಮಕ್ಕಳ ಕೈಗೆ ಮದ್ದು ಕೊಡುವುದು ಯಾವ ಊರಿನಲ್ಲಿಯೂ ತಕ್ಕದ್ದಲ್ಲ. ಆದುದರಿಂದ ಮದ್ದಿನ ಬದಲು ನೀರು ಮತ್ತು ಗಾಳಿಯಿಂದಲೇ ಕೆಲಸ ನಡೆಸಬೇಕೆಂದುಕೊಂಡೆವು. ಒಂದು ಪ್ಲಾಸ್ಟಿಕ್ ಸೀಸೆಗೆ ಮೂರರಲ್ಲೊಂದು ಪಾಲು ನೀರು ತುಂಬಿ, ಬಾಯಿಗೆ ರಬ್ಬರಿನ ಬಿರಡೆ ಬಿಗಿದು, ಅದರ ನಡುವೆ ಪಂಪಿನ ಸೂಜಿ ತೂರಿಸಿ, ಸೀಸೆಯನ್ನು ತಲೆಕೆಳಗಾಗಿ ನಿಲ್ಲಿಸಿ ಗಾಳಿ ಒತ್ತಬೇಕು. ಒತ್ತಡ ಮಿತಿಮೀರಿದೊಡನೆ ಬಿರಡೆ ಕಳಚುತ್ತದೆ. ನೀರು ಕೆಳಕ್ಕೆ ಚಿಮ್ಮುತ್ತದೆ. ಸೀಸೆ ಮೇಲಕ್ಕೆ ಹಾರುತ್ತದೆ. ಮದ್ದಿನ ಬಾಣದ ತತ್ತ್ವವೂ ಇದೇ. ಅಲ್ಲಿ ನೀರಿನ ಬದಲು ಉರಿದ ಮದ್ದಿನ ಬಿಸಿ ಅನಿಲ ಚಿಮ್ಮುತ್ತದೆ, ಅಷ್ಟೆ.

ಮೊದಲನೆಯ ಭಾನುವಾರ ಉದ್ಯಾನದಲ್ಲಿ ನಾವು ತೆಗೆದುಕೊಂಡದ್ದು ಕುಡಿಯುವ ನೀರಿನ ತೆಳು ಸೀಸೆ. ಬಿರಡೆಯನ್ನು ಬಲವಾಗಿ ಬಡಿದಿದ್ದೆವು. ಪಂಪು ಒತ್ತುತ್ತಾ ಹೋದಂತೆ ಸೀಸೆ ಉಬ್ಬಿತು, ಡೊಂಕಾಯಿತು, ಕೊನೆಗೆ ಪಕ್ಕೆ ಸೀಳಿ ನೀರೆಲ್ಲ ನಮ್ಮ ಷರಾಯಿಯ ಮೇಲೆ ಬಿತ್ತು. ಮಕ್ಕಳು ದೂರದಲ್ಲಿದ್ದುದರಿಂದ ಅವರಿಗೆ ನಗುವುದರ ಹೊರತು ಬೇರೆ ಅಪಾಯವಾಗಲಿಲ್ಲ. ಮುಂದಿನ ವಾರ ಸೋಡಾ ತುಂಬಿ ಮಾರುವ ಗಟ್ಟಿ ಸೀಸೆ ತಂದೆವು. ಒಳಗಿನ ಅನಿಲದ ಒತ್ತಡ ತಡೆಯಲೆಂದೇ ಅದನ್ನು ದಪ್ಪವಾಗಿ ಮಾಡಿರುತ್ತಾರೆ. ಅದು ಹಾರಿತು. ಮೈಸೂರಿನವರು ಕಂಡುಕೊಂಡ ಗುಟ್ಟು ಈ ಎರಡು ಸೀಸೆಗಳ ನಡುವಣ ವ್ಯತ್ಯಾಸದಲ್ಲಿಯೇ ಇದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಬಾಣಬಿರುಸು ಮೈಸೂರಿನವರೇ ಮೊದಲು ಮಾಡಿದ್ದಲ್ಲ. ಅದು ಚೀನಾದಲ್ಲಿ ಹುಟ್ಟಿದ್ದು. ಮೊಗಲರ ದಂಡಿನಲ್ಲಿಯೂ ಮರಾಠರ ದಂಡಿನಲ್ಲಿಯೂ ಇತ್ತು. ನಾವಿರುವ ಈ ದೆಹಲಿಗೂ ಅದು ಹೊಸದಲ್ಲ. ಆದರೆ ಅಂಥ ಬಾಣಗಳಿಗೆ ಸಾಮಾನ್ಯವಾಗಿ ಬಿದಿರಿನದೋ ಕಾಗದದ್ದೋ ನಳಿಕೆ. ಮದ್ದನ್ನು ಒತ್ತೊತ್ತಾಗಿ ತುಂಬಿದರೆ ನಳಿಕೆಯೇ ಒಡೆಯುತ್ತದೆ. ಸಡಿಲವಾಗಿ ತುಂಬಿದರೆ ಬಾಣ ದೂರ ಹೋಗುವುದಿಲ್ಲ. ಮೈಸೂರಿನಲ್ಲಿ ಈ ನಳಿಕೆಯನ್ನು ಬಡಿದ ಕಬ್ಬಿಣದಿಂದ ಮಾಡಿದರು. ಕಬ್ಬಿಣ ಹೆಚ್ಚಿನ ಒತ್ತಡ ತಡೆಯಿತು; ಬಾಣ ಸುಮಾರು ಸಾವಿರ ಗಜ ಹಾರಿತು.

ಕಬ್ಬಿಣವೇ ಏಕೆಂದರೆ ಕಬ್ಬಿಣ ನಮ್ಮ ಸೀಮೆಯಲ್ಲಿತ್ತು, ಬಡಿಯಬಲ್ಲ ಕೈಗಳೂ ಇದ್ದವು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ಬುಕನನ್ ಎಂಬ ವೈದ್ಯ ಕುಂಪಣಿ ಸರಕಾರದ ಅಪ್ಪಣೆಯಂತೆ ಮೈಸೂರನ್ನು ಸುತ್ತಿ ಊರೂರಿನ ಕಸುಬುಗಳನ್ನು ಬರೆದಿಟ್ಟ. ಕಬ್ಬಿಣದ ಅದಿರನ್ನು ಕರಗಿಸುವ ಕುಲುಮೆಗಳೂ ಉಕ್ಕು ಮಾಡುವ ಮೂಸೆಗಳೂ ಅವನ ಬರವಣಿಗೆಯಲ್ಲಿವೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಅವನು ಕಂಡ. ವೀಣೆಯ ತಂತಿ ಎಳೆಯಬಲ್ಲ ನಾಡಿಗೆ ಬಾಣದ ನಳಿಕೆ ಬಡಿಯುವುದು ಅಸಾಧ್ಯವೇನಲ್ಲ.

ಹೈದರಾಲಿಯ ತಂದೆ ಕೋಲಾರದ ಕಡೆಯ ಬೂದಿಕೋಟೆಯಲ್ಲಿದ್ದಾಗ ಆರ್ಕಾಟಿನ ನವಾಬನ ಪರವಾಗಿ ಐವತ್ತು ಮಂದಿ ಬಾಣಗಾರರಿಗೆ ನಾಯಕನಾಗಿದ್ದನಂತೆ. ಮಗನ ಕಾಲಕ್ಕೆ ಬಾಣಗಾರರು ಸುಮಾರು ೧೨೦೦ ಮಂದಿ. ಮೊಮ್ಮಗ ಟಿಪ್ಪುವಿನ ಕಾಲಕ್ಕೆ ೫೦೦೦ ಎಂದು ಬರೆದವರಿದ್ದಾರೆ. ಟಿಪ್ಪುವಿನ ಮಾತು ಬಂದರೆ ನಮ್ಮ ಸಂಘದಲ್ಲಿಯೂ ಎರಡು ಪಕ್ಷವಾಗುವುದುಂಟು, ಕಾಫಿ ಆರುವುದೂ ಉಂಟು. ನಾವು ಆ ಚರ್ಚೆಗೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಕಬ್ಬಿಣ ಬಡಿದವನ ಕಥೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಇಂದಿಗೂ ತಾರಾಮಂಡಲಪೇಟೆ ಎಂಬ ಬೀದಿಯಿದೆ. ಬಾಣ ಮಾಡುವವರ ಕೇರಿಯಿಂದ ಆ ಹೆಸರು ಬಂತೆನ್ನುತ್ತಾರೆ. ಚಿಕ್ಕಂದಿನಲ್ಲಿ ನಾವು ಅದರ ಪಕ್ಕದಲ್ಲಿಯೇ ಎಷ್ಟೋ ಸಲ ಹಾದುಹೋಗಿದ್ದೇವೆ. ಹೆಸರಿನ ಅರ್ಥ ಕೇಳಬೇಕೆಂದು ತೋರಲೇ ಇಲ್ಲ. ದೆಹಲಿಗೆ ಬಂದು ಹತ್ತು ವರ್ಷವಾದ ಮೇಲೆ, ಪರರ ಮಗನೊಬ್ಬನಿಗಾಗಿ ಪುಸ್ತಕ ತಿರುವಿಹಾಕುವಾಗ ಅದು ತಿಳಿಯಬೇಕಾಯಿತು.

ಸೀಸೆಯ ಕಥೆಗೆ ಮರಳೋಣ. ಗಟ್ಟಿ ಸೀಸೆ ಹಾರಿತೆಂದೆವಷ್ಟೆ. ಹಾರಿತು ನಿಜ, ಆದರೆ ಎರಡಾಳುದ್ದ ಏರಿದ ಮೇಲೆ ಪಲ್ಟಿ ಹೊಡೆದು ಹುಚ್ಚು ಹಿಡಿದಂತೆ ಸುತ್ತಿತು. ಅದಕ್ಕೆ ಬಾಲವಿರಲಿಲ್ಲ. ಇಂಗ್ಲೆಂಡಿನ ವುಲಿಚ್ ಎಂಬಲ್ಲಿಯ ಫಿರಂಗಿದಳದ ಸಂಗ್ರಹಕ್ಕೆ ಸೇರಿದ ಎರಡು ಮೈಸೂರು ಬಾಣಗಳ ಅಳತೆ ದೊರೆಯುತ್ತದೆ. ಒಂದರ ನಳಿಕೆ ಸುಮಾರು ೨೫ ಸೆಂಟಿಮೀಟರ್ ಉದ್ದ, ೫.೮ ಸೆಂಟಿಮೀಟರ್ ದಪ್ಪ. ಅದನ್ನು ಒಂದು ಮೀಟರಿಗೆ ತುಸು ಮಿಕ್ಕ ನೇರವಾದ ಕತ್ತಿಗೆ ತೊಗಲಿನ ಪಟ್ಟಿಯಿಂದ ಬಿಗಿದಿದೆ. ಇನ್ನೊಂದು ಸುಮಾರು ೨೦ ಸೆಂಟಿಮೀಟರ್ ಉದ್ದ, ೩.೭ ಸೆಂಟಿಮೀಟರ್ ದಪ್ಪ, ಅದಕ್ಕೆ ೧.೯ ಮೀಟರಿನ ಬಿದಿರ ಗಳು. ಗಳುವಿನ ಉದ್ದ ನಳಿಕೆಯ ಉದ್ದಕ್ಕೆ ಒಂಬತ್ತರಷ್ಟಕ್ಕಿಂತ ಹೆಚ್ಚು! ಬಾಣ ಓರೆಯಾಗಹೋದರೆ ಹಿಂದಿನ ಈ ಉದ್ದ ಬಾಲಕ್ಕೆ ಗಾಳಿ ತಗುಲಿ ಮತ್ತೆ ನೇರಕ್ಕೆ ತಿರುಗಿಸುತ್ತದೆ. ಇದನ್ನೋದಿದ ಮೇಲೆ ಕಸಬರಿಕೆಯಿಂದ ಉದ್ದನೆಯ ಕಡ್ಡಿಗಳನ್ನು ಆರಿಸಿ ಸೀಸೆಯ ಪಕ್ಕೆಗೆ ಕಟ್ಟಿದೆವು. ಮನೆಯಾಕೆ ಕಸಬರಿಕೆ ಸಣ್ಣಗಾಗುತ್ತಿರುವುದನ್ನು ಗಮನಿಸಿದರು. ಅದು ಬೇರೆ ವಿಷಯ. ಸೀಸೆ ನೆಟ್ಟಗೆ ಏರಿತು.

ಇಂಥ ಬಾಣದಿಂದ ಆದದ್ದೇನು? ೧೭೮೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ದಂಡು ಹೈದರನಿಗೂ ಟಿಪ್ಪುವಿಗೂ ಸೋತಿತು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದೇ ಸೋಲಿಗೆ ದೊಡ್ಡ ಕಾರಣ. ಬಾಣ ತಗುಲಿ ಸಿಡಿದವೆಂದು ಹಲವರು, ಗುಂಡು ತಗುಲಿ ಎಂದು ಕೆಲವರು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರವಿದೆ. ೧೭೯೯ರ ಏಪ್ರಿಲ್ ೫ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಬಾಣಗಳ ಮಳೆಗೂ ಕತ್ತಲೆಗೂ ಸಿಕ್ಕಿ ದಾರಿತಪ್ಪಿ ಹಿಂತಿರುಗಿದವನು ಆರ್ಥರ್ ವೆಲ್ಲೆಸ್ಲಿ. ಹದಿನಾರು ವರ್ಷದ ಮೇಲೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸರದಾರನೇ ಅವನು. ಆದರೆ ಮರುದಿನ ಬೆಳಕಿನಲ್ಲಿ ತೋಪು ಇಂಗ್ಲಿಷರ ಪಾಲಾಯಿತು, ಮೇ ೪ರಂದು ಕೋಟೆಯೂ ಬಿತ್ತು. ಬಾಣಕ್ಕೆ ಗುರಿ ಕಡಮೆ. ಕುದುರೆಗಳನ್ನು ಬೆದರಿಸಲು, ಗುಂಪನ್ನು ಚದರಿಸಲು ಅದು ಸರಿ. ಕೋಟೆಯ ಗೋಡೆಗೆ ಕಂಡಿ ಕೊರೆಯುವ ಫಿರಂಗಿಗೆ ಅದು ಉತ್ತರವಲ್ಲ. ಅಭಿಮಾನದಿಂದ ಇದನ್ನು ಮರೆಮಾಚುವುದು ನಮಗೆ ಒಪ್ಪಿಗೆಯಿಲ್ಲ.

ಕೋಟೆ ಬಿದ್ದ ಮೇಲೆ ಇಂಗ್ಲಿಷರು ದಾಸ್ತಾನು ಎಣಿಸಿದರು. ಸಾಲಕ್ಕೆ ಒತ್ತೆಯಿಟ್ಟ ಸರಕಿನ ಪಟ್ಟಿಗಳನ್ನು ನೋಡುವುದು ನಮ್ಮ ದಿನದ ಕೆಲಸವಾದುದರಿಂದ ಇಲ್ಲಿ ನಮ್ಮ ಕಣ್ಣು ನಿಂತಿತು. ಬಳಕೆಗೆ ಸಿದ್ಧವಾದ ಬಾಣ ೭೦೦. ಬರಿದಾದ ನಳಿಕೆ ೯೦೦೦. ಈ ಪಟ್ಟಿಯನ್ನು ನೋಡಿದ ಯಾವ ಗುಮಾಸ್ತೆಗಾದರೂ ತೋರುವುದು ಇಷ್ಟು: ಕಮ್ಮಾರ ಸಾಲ ಉಳಿಸಿಕೊಂಡಿರಲಿಲ್ಲ. ಅವನ ಕೆಲಸ ಮುಗಿದಿತ್ತು. ಸಾಲದೆ ಬಂದದ್ದು ಮದ್ದೋ, ಕಾಲವೋ. ತುಂಬಿಟ್ಟ ಮದ್ದು ತೇವ ಹೀರಿ ಕೆಡುವುದರಿಂದ ನಳಿಕೆಗಳನ್ನು ಬರಿದಾಗಿಟ್ಟು ಬೇಕಾದಾಗ ತುಂಬುತ್ತಿದ್ದರೆಂದೂ ನಾವು ಊಹಿಸುತ್ತೇವೆ. ಹೇಗಿದ್ದರೂ ೯೦೦೦ ನಳಿಕೆ ಬಡಿದ ಕೈಗಳಲ್ಲಿ ಒಂದರ ಹೆಸರನ್ನೂ ನಾವು ಯಾವ ಪುಸ್ತಕದಲ್ಲಿಯೂ ಕಾಣೆವು.

ಹೆಸರು ಬಂದದ್ದು ಇನ್ನೊಬ್ಬನಿಗೆ. ಮೈಸೂರಿನ ಮಾದರಿಗಳು ವುಲಿಚ್ ತಲುಪಿದವು. ಅಲ್ಲಿಯ ಸರಕಾರಿ ಮದ್ದಿನ ಪ್ರಯೋಗಶಾಲೆಯ ಮೇಲಧಿಕಾರಿಯ ಮಗ ವಿಲಿಯಂ ಕಾಂಗ್ರೀವ್ ೧೮೦೪ರ ಸುಮಾರಿಗೆ ಪ್ರಯೋಗ ಆರಂಭಿಸಿದ. ಲಂಡನ್ನಿನ ಪೇಟೆಯಲ್ಲಿ ಸಿಕ್ಕುವ ಅತಿ ದೊಡ್ಡ ಬಿರುಸುಗಳನ್ನು ಸ್ವಂತ ದುಡ್ಡಿನಿಂದ ಕೊಂಡು ಹಾರಿಸಿದ. ಅವು ಐನೂರು ಆರುನೂರು ಗಜಕ್ಕೇ ನಿಂತವು. ಸೋಲನ್ನೂ ಬರೆದಿಟ್ಟ. ಮದ್ದಿನ ಮಿಶ್ರಣ ಬದಲಿಸಿದ, ನಳಿಕೆಯನ್ನು ಕಬ್ಬಿಣದಿಂದ ಮಾಡಿಸಿದ, ತೂಕ ಹೆಚ್ಚಿಸಿದ, ಒಂದೊಂದನ್ನೂ ಅಳೆದ. ೩೨ ಪೌಂಡಿನ ಬಾಣ ೩೦೦೦ ಗಜದವರೆಗೆ ಹೋಯಿತು. ೧೮೦೭ರಲ್ಲಿ ಪುಸ್ತಕವನ್ನೇ ಅಚ್ಚುಹಾಕಿಸಿದ. ಅದೇ ವರ್ಷ ಕೋಪನ್‌ಹೇಗನ್ ಪಟ್ಟಣವನ್ನು ಆ ಬಾಣಗಳು ಸುಟ್ಟವು. ೧೮೧೪ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದ ಬಾಣಗಳು ಆ ದೇಶದ ರಾಷ್ಟ್ರಗೀತೆಯಲ್ಲಿಯೇ ಸೇರಿಹೋಗಿವೆ. ಲೋಕವು ಅವನ್ನು ಕಾಂಗ್ರೀವ್ ರಾಕೆಟ್ ಎಂದು ಕರೆಯಿತು. ಅವನು ಕದ್ದನೆಂದು ಕೂಗುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಅವನ ಬಳಿ ಲೆಕ್ಕದ ಪುಸ್ತಕವಿತ್ತು. ನಮ್ಮವರ ವಿದ್ಯೆ ಕೈಯಲ್ಲಿತ್ತು, ಕೈಯೊಡನೆ ಹೋಯಿತು. ಇದನ್ನೆಲ್ಲ ಎರಡೂ ಕಡೆಯ ಲೆಕ್ಕ ನೋಡಿ ೧೯೮೫ರಲ್ಲಿ ಪ್ರಬಂಧವಾಗಿ ಬರೆದವರು ಬೆಂಗಳೂರಿನ ವಿಮಾನವಿಜ್ಞಾನಿ ರೊದ್ದಂ ನರಸಿಂಹ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲಿಗರಲ್ಲೊಬ್ಬರು.

ಕಾಂಗ್ರೀವನ ಕಥೆ ಕೇಳಿದ ಮೇಲೆ ಹುಡುಗ ಎರಡು ರೂಲಿನ ಒಂದು ಪುಸ್ತಕ ಕೊಂಡುತಂದ. ಯಾವ ಸೀಸೆ, ಎಷ್ಟು ನೀರು, ಪಂಪು ಎಷ್ಟು ಸಲ, ಎಷ್ಟು ಹೆಜ್ಜೆ ದೂರ — ಮನೆಯಲ್ಲಿ ಕಲಿತ ಕನ್ನಡದಲ್ಲಿಯೇ, ಒತ್ತಕ್ಷರಗಳನ್ನು ಅಲ್ಲಲ್ಲಿ ನುಂಗಿ, ಬರೆಯತೊಡಗಿದ. ಸೀಳಿದ ಸೀಸೆಯದೂ ಮೊದಲ ಪುಟದಲ್ಲಿದೆ. ಪ್ರದರ್ಶನದ ದಿನ ಹದಿನೇಳನೆಯ ಹಾರಾಟದಲ್ಲಿ ಸೀಸೆ ಗೋಡೆ ದಾಟಿ ಪಕ್ಕದ ಕಾಲೋನಿಗೆ ಹೋಯಿತು. "ದೂರ ಅಳೆದಿಲ್ಲ, ಕಾವಲುಗಾರ ಬಿಡಲಿಲ್ಲ" ಎಂದು ಅದರಲ್ಲಿ ದಾಖಲಾಗಿದೆ. ಮೊದಲು ನಕ್ಕಿದ್ದ ಹಿರಿಯರು ಆ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು.

ಇನ್ನೊಂದು ಸಂಗತಿ ಉಳಿಯಿತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, ಅಲ್ಲಿ ೨೦೦೨ರಲ್ಲಿ ೧೬೦ರಷ್ಟು ಹಳೆಯ ಬಾಣಗಳು ದೊರೆತವು. ೨೦೧೮ರ ಜುಲೈಯಲ್ಲಿ ಅಲ್ಲಿಯ ಒಣಗಿದ ಬಾವಿಯೊಂದರ ಮಣ್ಣಿಗೆ ಮದ್ದಿನ ವಾಸನೆಯಿರುವುದನ್ನು ಕಂಡು ಪುರಾತತ್ತ್ವ ಇಲಾಖೆಯವರು ಅಗೆಸಲಾಗಿ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ತುಕ್ಕು ಹಿಡಿದಿವೆ, ಉದ್ದ ೨೩ರಿಂದ ೨೬ ಸೆಂಟಿಮೀಟರ್. ಬಡಿದವರ ಹೆಸರಿಲ್ಲದಿದ್ದರೂ ಬಡಿದ ಕಬ್ಬಿಣವಿದೆ. ಅವು ಈಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿವೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಹುಡುಗನ ಮನೆಯವರೂ ನಾವೂ ಕೂಡಿ ಶಿವಮೊಗ್ಗಕ್ಕೂ ಹೋಗಿಬರುವುದೆಂದಾಗಿದೆ. ಮುಟ್ಟಗೊಡದಿದ್ದರೆ ದಪ್ಪವನ್ನು ಅಳೆಯುವುದು ಹೇಗೆಂದು ಅವನು ಈಗಿನಿಂದಲೇ ಕೇಳುತ್ತಿದ್ದಾನೆ.