ಗುಂಡು ಹಾರಿದ ಮೇಲಿನ ಪ್ರಶ್ನೆಗಳು

2024ರ ಸೆಪ್ಟೆಂಬರ್ 25ರಂದು ಬಾಂಬೆ ಹೈಕೋರ್ಟಿನಲ್ಲಿ ಒಂದು ಪಿಸ್ತೂಲಿನ ಬಗ್ಗೆ ಬಿಸಿ ವಾದ ನಡೆಯಿತು. ಎರಡು ದಿನ ಹಿಂದೆ, ತಳೋಜಾ ಜೈಲಿನಿಂದ ಕರೆತರುತ್ತಿದ್ದ ಬದಲಾಪುರದ ಶಾಲಾ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದ ಆರೋಪಿ ಅಕ್ಷಯ್ ಶಿಂದೆ, ಠಾಣೆಯ ಮುಂಬ್ರಾ ಬೈಪಾಸಿನಲ್ಲಿ ಪೊಲೀಸ್ ವ್ಯಾನಿನೊಳಗೇ ಗುಂಡೇಟಿಗೆ ಬಲಿಯಾಗಿದ್ದ. ಅಧಿಕಾರಿಯ ಪಿಸ್ತೂಲು ಕಸಿದು ಅವನೇ ಮೊದಲು ಹಾರಿಸಿದ ಎಂದರು ಪೊಲೀಸರು. ರಿವಾಲ್ವರ್ ಆದರೆ ಯಾರಾದರೂ ಟ್ರಿಗರ್ ಒತ್ತಬಹುದು; ಪಿಸ್ತೂಲಿನ ಸ್ಲೈಡ್ ಹಿಂದಕ್ಕೆಳೆಯಲು ಬಲವೂ ಬೇಕು, ಅಭ್ಯಾಸವೂ ಬೇಕು. ತರಬೇತಿಯಿಲ್ಲದವನಿಗೆ ಅದು ಹೇಗೆ ಸಾಧ್ಯವಾಯಿತು ಎಂಬುದು ನ್ಯಾಯಮೂರ್ತಿಗಳ ಪ್ರಶ್ನೆಯಾಗಿತ್ತು.

ಯಾರು ಮೊದಲು ಹಾರಿಸಿದರು ಎಂಬ ಪ್ರಶ್ನೆಯ ಹಿಂದಿರುವ ಪೊಲೀಸನ ಕೈವೇಗದ ಕಥೆ ಶುರುವಾಗುವುದು ಅಮೆರಿಕದ ಪಶ್ಚಿಮದಲ್ಲಿ. 1873ರ ಕೋಲ್ಟ್ ರಿವಾಲ್ವರಿಗೆ ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕಿತ್ತು. ಸಿನಿಮಾ ತೋರಿಸಿದ ಮಿಂಚಿನ ಕೈ ಬಹುಪಾಲು ದಂತಕಥೆ. 1881ರ ಅಕ್ಟೋಬರ್ 26ರಂದು ಟೂಂಬ್‌ಸ್ಟೋನ್ ಊರಿನಲ್ಲಿ ಅರ್ಪ್ ಸಹೋದರರು ನಡೆಸಿದ ಕಾಳಗ ಮುಗಿದದ್ದು ಸುಮಾರು 30 ಸೆಕೆಂಡಿನಲ್ಲಿ, ಸುಮಾರು 30 ಗುಂಡಿನಲ್ಲಿ, ಸತ್ತವರು ಮೂವರು. ಸಿನಿಮಾಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಕಾನೂನಿನ ಕಡೆಯವನೇ ಆಗಿದ್ದ ವ್ಯಾಟ್ ಅರ್ಪ್ ಬಂಧನಕ್ಕೊಳಗಾಗಿ, ನ್ಯಾಯಾಧೀಶ ವೆಲ್ಸ್ ಸ್ಪೈಸರ್ ಮುಂದೆ ಸುಮಾರು ಒಂದು ತಿಂಗಳು ಸಾಕ್ಷ್ಯ ಎದುರಿಸಿ, ನವೆಂಬರ್ 30ರಂದು ಬಿಡುಗಡೆಯಾದ. ನನ್ನ ಮಟ್ಟಿಗೆ ಆ ಊರಿನ ದೊಡ್ಡ ಘಟನೆ ಆ ವಿಚಾರಣೆಯೇ.

ಕೈವೇಗ ಪಾಠವಾದದ್ದು ಶಾಂಘೈಯಲ್ಲಿ. ಅಲ್ಲಿನ ಮುನಿಸಿಪಲ್ ಪೊಲೀಸಿನ ಅಧಿಕಾರಿಗಳಾದ ಫೇರ್‌ಬೇರ್ನ್ ಮತ್ತು ಸೈಕ್ಸ್ ಗಲ್ಲಿಗಳ ಗುಂಡಿನ ಚಕಮಕಿಗಳಿಂದ ಕಲಿತದ್ದನ್ನು 1942ರಲ್ಲಿ ಪುಸ್ತಕವಾಗಿಸಿದರು. ಕೆಲವೇ ಗಜಗಳ ಅಂತರದಲ್ಲಿ, ಅರೆಬೆಳಕಿನಲ್ಲಿ ಕಣ್ಣಿಟ್ಟು ಗುರಿ ಹಿಡಿಯಲು ಸಮಯ ಸಿಗದು ಎಂಬುದು ಅವರ ಅನುಭವ. 2010ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಇನ್ನೊಂದು ಲೆಕ್ಕ ಕೊಟ್ಟಿತು: ಎದುರಾಳಿಯನ್ನು ನೋಡಿ ಕೈ ಚಲಿಸಿದವನು ಸುಮಾರು 21 ಮಿಲಿಸೆಕೆಂಡ್ ಚುರುಕು, ಆದರೆ ನೋಡಿ ಅರಿಯುವುದಕ್ಕೇ ಸುಮಾರು 200 ಮಿಲಿಸೆಕೆಂಡ್ ಹೋಗುತ್ತದೆ. ಅಂದರೆ ಎರಡನೆಯವನಾಗಿ ಎಳೆದು ಗೆಲ್ಲುವ ನಾಯಕ ಪರದೆಯ ಮೇಲೆ ಮಾತ್ರ.

ಮುಂಬಯಿಯಲ್ಲಿ ಪೊಲೀಸ್ ಎನ್‌ಕೌಂಟರ್‌ಗಳ ಅಧ್ಯಾಯ ತೆರೆದದ್ದು 1982ರ ಜನವರಿ 11ರಂದು, ವಡಾಲಾದಲ್ಲಿ ಪಾತಕಿ ಮಾನ್ಯಾ ಸುರ್ವೆ ಪೊಲೀಸರ ಗುಂಡಿಗೆ ಸತ್ತಾಗ. ತೊಂಬತ್ತರ ದಶಕದಲ್ಲಿ ಹಫ್ತಾ ಕರೆಗಳು ಬಾರು, ಹೋಟೆಲು, ಕಟ್ಟಡ ವ್ಯಾಪಾರಿಗಳನ್ನು ನಡುಗಿಸಿದವು. ಆ ಗಲ್ಲಾಪೆಟ್ಟಿಗೆಗಳ ಹಿಂದೆ ನಮ್ಮ ಉಡುಪಿ, ಕಾರ್ಕಳದವರು ಎಷ್ಟೋ ಮಂದಿ ಕೂತಿದ್ದರು. ನಾಸಿಕದ ಪೊಲೀಸ್ ಅಕಾಡೆಮಿಯ 1983ರ ತಂಡದ ಪ್ರದೀಪ್ ಶರ್ಮಾ, ವಿಜಯ್ ಸಾಲಸ್ಕರ್, ರವೀಂದ್ರ ಆಂಗ್ರೆ ಆ ಕಾಲದ ಎನ್‌ಕೌಂಟರ್ ಪೊಲೀಸರ ಹೆಸರುಗಳು. ಕಾರ್ಕಳದ ಎಣ್ಣೆಹೊಳೆಯಿಂದ ಬಂದು ಹೋಟೆಲಿನಲ್ಲಿ ದುಡಿದು ಸಬ್ ಇನ್ಸ್‌ಪೆಕ್ಟರ್ ಆದ ದಯಾ ನಾಯಕ್ ಊರಿನಲ್ಲಿ ವೀರನೇ ಆದರು. ಡೊಂಬಿವಲಿ, ಕಲ್ಯಾಣದಲ್ಲಿ ಹೆದರಿಕೆ ಹುಟ್ಟಿಸಿದ್ದ ಸುರೇಶ್ ಮಂಚೇಕರ್‌ನನ್ನು ಠಾಣೆ ಪೊಲೀಸರು 2003ರಲ್ಲಿ ಕೊಲ್ಹಾಪುರದಲ್ಲಿ ಕೊಂದರು. ಹಫ್ತಾ ಕೊಟ್ಟು ಬೇಸತ್ತವರು ನಿಟ್ಟುಸಿರು ಬಿಟ್ಟರೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ 1995ರಿಂದ 1997ರವರೆಗೆ ಮುಂಬಯಿಯಲ್ಲಿ ನಡೆದ 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಮಂದಿ ಸತ್ತರು. ಅಷ್ಟೂ ಸಲ ಪೊಲೀಸರ ಕೈಯೇ ಮುಂದಾಯಿತೆ ಎಂದು ಯಾರಾದರೂ ಕೇಳಲೇಬೇಕಿತ್ತು.

ಕೇಳಿದವರಲ್ಲಿ ಒಬ್ಬರು ಹೀಗೆ ಸತ್ತವನೊಬ್ಬನ ಸಹೋದರ. 2006ರ ನವೆಂಬರ್ 11ರಂದು ನವಿ ಮುಂಬಯಿಯ ವಾಶಿಯಿಂದ ರಾಮನಾರಾಯಣ ಗುಪ್ತಾ ಅಲಿಯಾಸ್ ಲಖನ್ ಭೈಯ್ಯಾನನ್ನು ಪೊಲೀಸರು ಎತ್ತಿಕೊಂಡು ಹೋದರು. ಸುದ್ದಿ ತಿಳಿದ ಕೂಡಲೇ, ವೃತ್ತಿಯಲ್ಲಿ ವಕೀಲರಾಗಿದ್ದ ಆತನ ಸಹೋದರ ಅಧಿಕಾರಿಗಳಿಗೆ ತಂತಿ, ಫ್ಯಾಕ್ಸ್ ಕಳಿಸಿದರು. ಸಂಜೆ ವರ್ಸೋವಾದಲ್ಲಿ 'ಚಕಮಕಿ' ನಡೆದು ಆತ ಸತ್ತನೆಂಬ ಪ್ರಕಟಣೆ ಬಂತು. ಆ ಕಾಗದಗಳ ಮೇಲೆ ಬಿದ್ದಿದ್ದ ಗಂಟೆ-ನಿಮಿಷ ಪೊಲೀಸರ ಕಥೆಯನ್ನು ಕೆಡವಿತು. 2013ರಲ್ಲಿ ಸೆಷನ್ಸ್ ನ್ಯಾಯಾಲಯ 13 ಪೊಲೀಸರನ್ನು ತಪ್ಪಿತಸ್ಥರೆಂದಿತು. ಅಂದು ಖುಲಾಸೆಯಾದ ಪ್ರದೀಪ್ ಶರ್ಮಾರಿಗೆ ಹೈಕೋರ್ಟ್ 2024ರ ಮಾರ್ಚ್ 19ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದಾರೆ. ಇದೇ ಶರ್ಮಾ 2017ರಲ್ಲಿ ಠಾಣೆಯ ಸುಲಿಗೆ ನಿಗ್ರಹ ದಳದ ಮುಖ್ಯಸ್ಥರಾಗಿ ಭೂಗತ ದೊರೆ ದಾವೂದ್ ಇಬ್ರಾಹಿಂನ ತಮ್ಮ ಇಕ್ಬಾಲ್ ಕಾಸ್ಕರ್‌ನನ್ನು ಜೀವಂತ ಹಿಡಿದು ತಂದಿದ್ದರು. ಠಾಣೆಯ ಪೊಲೀಸ್ ಕೆಲಸದ ಒಳ್ಳೆಯ ದಿನಗಳಲ್ಲಿ ಅದೊಂದು.

ಮುಂಬಯಿಯ ಆ 99 ಎನ್‌ಕೌಂಟರ್‌ಗಳನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು 16 ಮಾರ್ಗಸೂಚಿ ಕೊಟ್ಟಿತು. ಎಫ್‌ಐಆರ್, ಸ್ವತಂತ್ರ ತನಿಖೆ, ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಹಾರಿಸಿದವರು ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಶೌರ್ಯ ಸಂಶಯಾತೀತವಾಗಿ ಸಾಬೀತಾಗುವವರೆಗೆ ಪದಕವಿಲ್ಲ, ಸರದಿ ಮೀರಿದ ಬಡ್ತಿಯಿಲ್ಲ. ಮುಂಬ್ರಾ ಬೈಪಾಸಿನ ಗುಂಡು ಹಾರಿದ್ದು ಸರಿಯಾಗಿ ಹತ್ತು ವರ್ಷಕ್ಕೆ, ಅದೇ ತಾರೀಖಿನಂದು.

ಈ ಸಲ ಮ್ಯಾಜಿಸ್ಟ್ರೇಟ್ ವರದಿ 2025ರ ಜನವರಿಯಲ್ಲೇ ಹೈಕೋರ್ಟಿನ ಮುಂದೆ ಬಂತು. ಅದು ಐವರು ಪೊಲೀಸರನ್ನು ಹೊಣೆಯಾಗಿಸಿತು. ಏಪ್ರಿಲ್ 7ರಂದು ಹೈಕೋರ್ಟ್ ವಿಶೇಷ ತಂಡದ ತನಿಖೆಗೆ ಆದೇಶಿಸಿತು. ಟೂಂಬ್‌ಸ್ಟೋನಿನ ವಿಚಾರಣೆ ಐದು ವಾರದಲ್ಲಿ ಮುಗಿದಿತ್ತು. ವಾಶಿಯ ಪ್ರಕರಣ ಹೈಕೋರ್ಟಿನ ತೀರ್ಪು ಕಾಣಲು ಹದಿನೇಳು ವರ್ಷ ದಾಟಿತು. ಮುಂಬ್ರಾದ್ದಕ್ಕೂ ಅಷ್ಟೇ ಕಾಲ ಹಿಡಿಯಬಾರದು.